ಪ್ಲೇಟಿನ ಎರಡನೇ ಮಗ್ಗುಲು

ನಗು ಕೆಂಚಕ್ಕ, ನಗು… ನಿನ್ನ ಕುರಿ ತುತ್ತೂರಿ ಕೇಳಿ ಬೆದರಿದ್ರೆ ನಾನೇನು ಮಾಡ್ಲಿ? ಪ್ಯಾರಿಸ್ಸಿನಲ್ಲೂ ಮೊದಲನೇ ಹಾಡಿಗೇ ನಾಲ್ಕು ಜನ ಎದ್ದು ಹೋಗಿದ್ರು. ಅವರು ಕೋಟು ಹಾಕಿದ್ರು, ಅಷ್ಟೇ ಫರಕು.

ಇರು, ಇದು ಪ್ಲೇಟಿನ ಮೊದಲನೇ ಮಗ್ಗುಲು. ತಿರುವಿ ಹಾಕ್ತೀನಿ, ನೀನು ಉಣ್ಣೆ ನೂಲ್ತಾ ಇರು. ಉಸ್ಸಪ್ಪಾ… ಸುಸ್ತಾಗೈತೆ ಕಣಕ್ಕ. ಬೊಂಬಾಯಿಂದ ಹಿರಿಯೂರಿಗೆ ಎರಡು ದಿನ. ಹಿರಿಯೂರಿಂದ ಹರಿಯಬ್ಬೆಗೆ ಬಸ್ಸಿನಲ್ಲಿ ಈ ಹಾಡಿನ ಪೆಟ್ಟಿಗೆ ತೊಡೆ ಮೇಲೆ. ಕಂಡಕ್ಟ್ರು ಕೇಳ್ದ, "ಒಳಗೆ ಕೋಳಿ ಐತೇನಮ್ಮ?" ಅಂತ. "ಇಲ್ಲಪ್ಪ, ಐದು ಜನ ಗಂಡಸ್ರು ಅವ್ರೆ" ಅಂದೆ. ಆಮೇಲೆ ಊರು ಬರೋವರೆಗೂ ನನ್ನ ಕಡೆ ತಿರುಗಿ ನೋಡ್ಲಿಲ್ಲ!

ಏನಂದೆ? ಯಾಕೆ ಬಂದೆ ಅಂತಾನಾ? ಯಾಕೆ, ಒಡಹುಟ್ಟಿದೋಳ್ನ ನೋಡೋಕೆ ಬರಬಾರದಾ? …ಸರಿ, ಒಂದು ಸಣ್ಣ ಕೆಲಸಾನೂ ಐತೆ. ಇಪ್ಪತ್ತನೇ ತಾರೀಕು ಬೊಂಬಾಯಿಯಲ್ಲಿ ದೊಡ್ಡ ಪ್ರೋಗ್ರಾಂ. ನೀನು ಕುರಿಗೆ ಕೂಗ್ತೀಯಲ್ಲ, ಆ ಕೂಗು ನನಗೂ ಒಂಚೂರು ಕಲಿಸ್ಬೇಕು. ಎಂಟು ದಿನ ಸಾಕು. ಅದು ಬರಲಿಲ್ಲ ಅಂದ್ರೆ ಬ್ಯಾಂಡಿನಲ್ಲಿ ನನಗೆ ಜಾಗ ಇಲ್ಲ, ಅಷ್ಟೇ. ತಮಾಷೆಗೆ ಹೇಳ್ದೆ… ತಮಾಷೆಗೆ.

ಇಪ್ಪತ್ತೆರಡು ವರ್ಷ ಆಯ್ತು ಈ ಬ್ಯಾಂಡಿನವರ ಜೊತೆ ಹಾಡ್ತಾ ತಿರುಗಿ. ಮೊದಲು ಹೋಟೆಲಿನಲ್ಲಿ ಜನ ಜೋಡಿ ಹಿಡಿದು ಕುಣಿಯೋಕೆ ಜಾಝ್. ಆಮೇಲೆ ಫೆಲಿಕ್ಸ್ ಐದಾನಲ್ಲ, ತುತ್ತೂರಿ ಊದೋನು, ಬ್ಯಾಂಡಿನ ಯಜಮಾನ, ಅವನು ತಬಲ ತಂದ, ಕರೆಂಟಿನ ಗಿಟಾರು ತಂದ, ಎಲ್ಲಾ ಕಲಸಿದ. ಜನ ಕುಣಿಯೋದು ಬಿಟ್ಟು ಕಣ್ಣು ಮುಚ್ಕೊಂಡು ಕೇಳೋಕೆ ಕುಂತ್ರು. ದೇಶ ದೇಶ ಕರೆದ್ರು. ಏನು ನೋಡ್ದೆ ಅಂತೀಯ? ಬಣ್ಣ ಹಚ್ಚೋ ರೂಮು ನೋಡ್ದೆ. ಎಲ್ಲಾ ದೇಶದಲ್ಲೂ ಅದೇ ಮುರುಕು ಕುರ್ಚಿ.

ಹತ್ತು ಪ್ಲೇಟು ಬಂದ್ವು. ಹತ್ತನೇದು ಯಾರೂ ಕೊಳ್ಳಲಿಲ್ಲ. ಮುದುಕ್ರು ಸವೆದು ಹೋದ್ರು ಅಂತ ಪೇಪರಿನಲ್ಲಿ ಬರೆದ್ರು. ಫೆಲಿಕ್ಸ್ ಒಂದು ವಾರ ತುತ್ತೂರಿ ಮುಟ್ಟಲಿಲ್ಲ. ಆಮೇಲೆ ಬಂದು ಅಂದ, ಈ ಸಲ ಯಾರೂ ಮಾಡದೇ ಇದ್ದದ್ದು ಮಾಡಾಣ. ತಾಳ ಬೇಡ, ಮಾತು ಬೇಡ, ಒಂದು ಮಗ್ಗುಲು ಪೂರ್ತಿ ಒಂದೇ ಹಾಡು. ಅರವತ್ತು ವರ್ಷದ ಗಂಡಸು, ಕಣ್ಣು ಹೊಸಾ ಮದುಮಗನ ಥರ! "ಮತ್ತೆ ನಾನು?" ಅಂದೆ. ಸಿಗರೇಟು ಹಚ್ಚಿದ.

ಹಂಗ್ಯಾಕೆ ನೋಡ್ತೀಯ? ನನ್ನ ಬ್ಯಾಂಡಿಂದ ಬಿಡಿಸ್ಲಿಲ್ಲ ಕಣೇ! ಹೋದ ವರ್ಷ ಬಂದಿದ್ದೆನಲ್ಲ, ಎಮರ್ಜೆನ್ಸಿ ಮುಗಿದ ಮೇಲೆ? ಟೇಪ್ ರೆಕಾರ್ಡರ್ ತಂದಿದ್ದೆ. ಇದ್ಯಾವ ಬುತ್ತಿ ಡಬ್ಬಿ ಅಂದಿದ್ದೆ ನೀನು. ಅವತ್ತು ಆ ಕರೀ ಕುರಿ ಈದ ಮರೀನೇ ಒದ್ದು ಒದ್ದು ದೂಡ್ತಿತ್ತು. ನೀನು ಕುರಿ ರೊಪ್ಪದ ಬೇಲಿಯೊಳಗೆ ಕುಂತು ಅದರ ಕಿವಿಗೆ ಬಾಯಿಟ್ಟು ಕೂಗ್ತಿದ್ದೆ. ಹಾಡೂ ಅಲ್ಲ, ಅಳುವೂ ಅಲ್ಲ… ಮೂರು ತಾಸು! ಹೊತ್ತು ಇಳಿಯೋವಾಗ ಅದು ಸುಮ್ಮನೆ ನಿಂತು ಮರಿಗೆ ಮೊಲೆ ಕೊಡ್ತು. ಆ ಟೇಪು ಹಾಕಿದಾಗ ಫೆಲಿಕ್ಸ್ ಎದ್ದು ನಿಂತ. ಇದೇ, ಇದೇ ಅಂದ.

ಕೇಳು, ಬಂತು… ನಿನ್ನ ದನಿ! ಹಿಂದೆ ಸ್ಯಾಕ್ಸೋಫೋನು ಓಗೊಡ್ತೈತೆ. ಹಾಂ, ಈಗ… "ಜಯೀ, ತಡಿಕೆ ಮುಚ್ಚೇ, ಮರಿ ಹೊರಗೆ ಹೋಗ್ತಾವೆ!" ನಡುವೆ ನೀನು ನನ್ನ ಗದರಿದ್ದು! ಬ್ಯಾಂಡಿನವ್ರು ನನ್ನ ಜಯಿ ಅಂತ ಕರೆಯಲ್ಲ, ಫೆಲಿಕ್ಸಿಗೆ ಕನ್ನಡ ಎಲ್ಲಿ ಬರ್ತೈತೆ, ಅದೇ ಮಂತ್ರ ಅಂದ್ಕಂಡ. ಎಂಟು ಸಲ ಹಾಕವ್ನೆ! ಲಂಡನ್ನಿನ ಪೇಪರಿನವ್ರು ಬರೆದವ್ರೆ, ಮುಕ್ತಿಯ ಬಾಗಿಲು ತೆರೀ ತಾಯೇ ಅನ್ನೋ ಪ್ರಾರ್ಥನೆ ಇದು ಅಂತ. ಮುಚ್ಚೇ ಅಂದ್ರೆ ತೆರೀ ಅಂತೆ!

…ನೀನು ನಗ್ತಿಲ್ಲ. ನೂಲೋದು ಯಾಕೆ ನಿಲ್ಲಿಸ್ದೆ?

ಏನು, ಪ್ಲೇಟು ಹಾಕೋ ಈ ರಟ್ಟಾ? ತಗಾ. ಇವ್ನೇ ಫೆಲಿಕ್ಸು. ಇದು ನಾನು, ಕೂದಲಿಗೆ ಬಣ್ಣ ಹಾಕಿದೀನಿ, ಬೈಬೇಡ. ಫೋಟೋ ಕೆಳಗೆ ಅವರವರ ಹೆಸರು. ಹಿಂದೆ ಯಾರು ಏನು ನುಡಿಸಿದ್ರು ಅಂತ. ಎರಡನೇ ಮಗ್ಗುಲಿಂದು ಓದ್ಲಾ? ಓದ್ತೀನಿ… ತುತ್ತೂರಿ, ಫೆಲಿಕ್ಸ್. ದನಿ… ದನಿ, ಕೆಂಚಕ್ಕ, ಹರಿಯಬ್ಬೆ. ಐತೆ ನೋಡು! ಇಂಗ್ಲೀಷಿನಲ್ಲಿ ಐತೆ, ನಿನಗೆ ತಿಳಿಯಲ್ಲ. ಯಾವುದಾ? ಇದು, ಈ ಸಾಲು.

ರಟ್ಟು ಯಾಕೆ ತಿರುಗಿಸ್ತೀಯ? ನನ್ನ ಫೋಟೋ ಕೆಳಗೆ ಯಾಕೆ ಬೆರಳು ಇಡ್ತೀಯ? …ಮತ್ತೆ ಹಿಂದಕ್ಕೆ, ಆ ಸಾಲಿಗೆ… ಅಕ್ಕ, ಸಾಕು, ಕೊಡಿಲ್ಲಿ.

ಅಕ್ಷರ ಬಾರದಿದ್ರೇನು. ಇನ್ನೂರು ಕುರಿಯಲ್ಲಿ ಕಿವಿಗೆ ಹಾಕಿದ ಕಚ್ಚಿನ ಗುರ್ತು ನೋಡಿ ಇದು ಯಾರ ಮನೇದು ಅಂತ ಹೇಳೋಳು ನೀನು. ಎರಡು ಕಡೆ ಒಂದೇ ಗುರ್ತು ಇದ್ರೆ ನಿನ್ನ ಕಣ್ಣಿಗೆ ಬೀಳದೇ ಇರ್ತೈತಾ? ನನಗಾದ್ರೂ ಹೊಳೀಬೇಕಿತ್ತು.

ಬೈಯಿ. ಬಾಯಿ ಬಿಟ್ಟು ಬೈಯಿ ಮಾರಾಯ್ತಿ!

ಹೌದು. ಅದು ನನ್ನ ಹೆಸರು. ನಾನೇ ಕೂಗಿದ್ದು ಅಂದೆ. ಊರಿಗೆ ಹೋಗಿದ್ದೆ, ಕುರಿ ರೊಪ್ಪದಲ್ಲಿ ಕುಂತು ಹಾಡ್ದೆ ಅಂದೆ. ನಂಬಿದ್ರು. ಇಪ್ಪತ್ತೆರಡು ವರ್ಷ ನನ್ನ ಹಾಡು ಕೇಳಿದೋರು, ನನ್ನ ದನಿ ಯಾವುದು ಅಂತ ಗೊತ್ತಾಗ್ಲಿಲ್ಲ ಅವರಿಗೆ. ಅದಕ್ಕೆ ಅಳಲಾ ನಗಲಾ ಹೇಳು. ಈಗ ಸಾವಿರ ಜನದ ಎದುರು ಅದನ್ನೇ ಕೂಗು ಅಂತವ್ರೆ. ಅದಕ್ಕೇ ಬಂದೆ ಕಣಕ್ಕ. ನಿನ್ನ ನೋಡೋಕಲ್ಲ.

…ಏನು? ಗದ್ದ ಎತ್ತಿದ್ರೆ ಏನರ್ಥ? ನಾನು ಕೂಗ್ಲಾ? ಈಗಲಾ? ನೀನು ಮೊದಲು ದನಿ ತೆಗಿ, ನಾನು ಹಿಂದೆ ಹಿಡ್ಕಂತೀನಿ… ಇಲ್ವಾ?

ಹೂಂ.

…ತಡಿ, ಗಂಟಲಲ್ಲಿ ಬಸ್ಸಿನ ಧೂಳು. ಇನ್ನೊಂದು ಸಲ.

…

ಹಂಗೆ ನೋಡಬೇಡ ಅಕ್ಕ. ಕೂಗೋಕೆ ಹೋದ್ರೆ ಗಾಳಿ ಬರ್ತೈತೆ, ದನಿ ಬರಲ್ಲ. ಆ ಹತ್ತನೇ ಪ್ಲೇಟು ಆದಾಗಿಂದ ಬಂದಿಲ್ಲ. ಯಾರಿಗೂ ಹೇಳಿಲ್ಲ. ಮಾತಿಗೆ ಸಾಲೋ ಅಷ್ಟು ಉಳಿದೈತೆ ನೋಡು, ಅದಕ್ಕೇ ಇಷ್ಟು ಮಾತಾಡ್ತೀನಿ.