ನಾಲ್ಕು ಬೆರಳಿನ ಗುರುತು

ನಗಬೇಡ, ಮೊದಲೇ ಹೇಳಿದೀನಿ. ನಕ್ಕರೆ ಇಲ್ಲಿಗೇ ನಿಲ್ಲಿಸಿಬಿಡ್ತೀನಿ. ಇದು ಯಾರೋ ಯಾರಿಗೋ ಹೇಳಿದ್ದಲ್ಲ... ನಮ್ಮ ದೊಡ್ಡಮ್ಮನ ಮಗಳಿಗೇ ಆಗಿದ್ದು.

ಅಕ್ಕ ವಾದ್ಯ ರಿಪೇರಿ ಮಾಡ್ತಾಳೆ. ತಂತಿ ಅಕ್ಕ ಅಂತಲೇ ಎಲ್ಲರೂ ಕರೆಯೋದು. ಬಾಯಿ ಜೋರು, ಕೈ ಮಾತ್ರ ಬೆಣ್ಣೆ. ಒಂದಿನ ಸಂಗೀತದ ಮೇಷ್ಟ್ರೊಬ್ಬರು ಅವಳ ಅಂಗಡಿಗೆ ಗಿಟಾರ್ ತಂದ್ರು. ಮೇಷ್ಟ್ರು ಅಂತ ಮರ್ಯಾದೆ ಕೊಡೋಕೆ ಈಗ ನನಗೆ ಬಾಯಿ ಬರಲ್ಲ. ಅವನು ಅಂತಲೇ ಅಂತೀನಿ.

"ಶನಿವಾರ ಸಂಜೆ ಕಾರ್ಯಕ್ರಮ ಇದೆ. ಇದನ್ನೇ ನುಡಿಸ್ಬೇಕು. ಆರು ವರ್ಷದಿಂದ ಬೀರು ಮೇಲೆ ಬಿದ್ದಿತ್ತು. ಹಳೇ ಕೊಳೆ ಒಂಚೂರೂ ಕಾಣಬಾರದು, ನೋಡಮ್ಮ" ಅಂದ.

ಆ ಗಿಟಾರ್ ಅವನದಲ್ಲ, ಹೆಂಡತಿದು. ಹಾಡು ಕಟ್ಟೋಳು ಅವಳು. ತನ್ನವು ಅಂತ ಸಭೆಯಲ್ಲಿ ಹಾಡಿ ಚಪ್ಪಾಳೆ ತಗೊಳ್ಳೋನು ಇವನು. ಒಂದ್ಸಲ ಯಾರೋ ಅವಳನ್ನೇ ಹಾಡೋಕೆ ಕರೆದ್ರು. ಹೊರಡೋ ದಿನಾನೇ ಅವಳ ಎಡಗೈ ಬಾಗಿಲಿಗೆ ಸಿಕ್ಕಿ ನಾಲ್ಕು ಬೆರಳು ಮುರೀತು. ಗಾಳಿಗೆ ಬಾಗಿಲು ಹಾಕ್ಕೊಂಡುಬಿಡ್ತು ಅಂತ ಇವನು ಎಲ್ಲರ ಹತ್ರ ಹೇಳ್ಕೊಂಡ. ಅವಳು ತುಟಿ ಬಿಚ್ಚಲಿಲ್ಲ. ಬೆರಳು ಮತ್ತೆ ಮಡಚೋಕೆ ಬರಲಿಲ್ಲ. ವರ್ಷ ತುಂಬೋದರೊಳಗೆ ಬೀದಿ ತಿರುವಿನ ಬಾವೀಲಿ ಸಿಕ್ಕಿದಳು.

ಅಕ್ಕನ ಮನೆ ಆ ಬಾವಿ ದಾಟಿಯೇ. ಗಿಟಾರ್ ಪೆಟ್ಟಿಗೆ ಹೆಗಲಿಗೆ ಹಾಕ್ಕೊಂಡು ಕತ್ತಲಾದ ಮೇಲೆ ಹೊರಟಿದ್ದಾಳೆ. ಬೀದಿ ದೀಪ ಒಂದು ಉರೀತಿದೆ, ಒಂದು ಇಲ್ಲ. ಬಾವಿ ಕಟ್ಟೆ ಪಕ್ಕ ಬಂದಳು... ಬೆನ್ನ ಮೇಲೆ ಸದ್ದು.

ಸುಂಯ್ಕ್.

ಬೆರಳು ತಂತಿ ಮೇಲೆ ಜಾರಿದರೆ ಬರುತ್ತಲ್ಲ, ಆ ಸದ್ದು. ಅಕ್ಕ ನಿಂತಳು. ಸದ್ದೂ ನಿಂತಿತು. ಹೆಜ್ಜೆ ಇಟ್ಟಳು... ಸುಂಯ್ಕ್. "ತಂತಿ ಸಡಿಲ ಆಗಿರಬೇಕು" ಅಂತ ಜೋರಾಗೇ ಹೇಳ್ಕೊಂಡು ಮನೆಗೆ ಹೆಚ್ಚುಕಮ್ಮಿ ಓಡಿದಳು.

ಮನೆಗೆ ಬಂದು ಮೇಜಿನ ಮೇಲೆ ಹಳೇ ಟವೆಲ್ ಹಾಸಿ ಗಿಟಾರ್ ಮಲಗಿಸಿದಳು. ಹಳೇ ತಂತಿ ಆರನ್ನೂ ಬಿಚ್ಚಿ ಬಿಸಾಕಿದಳು. ಬೆರಳು ಒತ್ತೋ ಉದ್ದನೆ ಕಪ್ಪು ಮರದ ಪಟ್ಟಿ ಇರುತ್ತಲ್ಲ, ಫ್ರೆಟ್‌ಬೋರ್ಡು, ಅದು ಬೂದಿ ಬಳಿದ ಹಾಗೆ ಒಣಗಿತ್ತು. ಅಡ್ಡಕ್ಕಿರೋ ಲೋಹದ ಪಟ್ಟಿಗಳ ಮೂಲೇಲಿ ಬೆವರಿನ ಕೊಳೆ ಗಟ್ಟಿಯಾಗಿ ಕೂತಿತ್ತು. ಹಳೇ ಪ್ಲಾಸ್ಟಿಕ್ ಕಾರ್ಡಿನ ಅಂಚಿಂದ ಕೆರೆದಳು. ಕರ್... ಕರ್... ನಯವಾದ ಉಕ್ಕಿನ ನಾರಲ್ಲಿ ಮರದ ಎಳೆಗುಂಟ ಉಜ್ಜಿದಳು. ಒರೆಸಿದಳು. ಬಟ್ಟೆಗೆ ನಾಲ್ಕು ಹನಿ ಎಣ್ಣೆ ಬಿಟ್ಟು ಸವರಿದಳು. ಮರ ಬಾಯಾರಿದೋರ ಹಾಗೆ ಎಣ್ಣೆ ಕುಡೀತು. ಹತ್ತು ನಿಮಿಷ ಬಿಟ್ಟು ಒಣಬಟ್ಟೇಲಿ ತಿಕ್ಕಿದಾಗ ಫಳಫಳ ಅಂತು.

ಅಷ್ಟರಲ್ಲಿ ಅದರ ಮೇಲೆ ನಾಲ್ಕು ಗುರುತು ಎದ್ದವು.

ಬೆರಳ ತುದಿಯ ಗುರುತು. ಚಿಕ್ಕವು, ಹೆಂಗಸಿನವು, ಒದ್ದೆ. ಅಕ್ಕ ಒರೆಸಿದಳು. ಹೋದವು. ಕಣ್ಣು ಮಿಟುಕಿಸೋದರೊಳಗೆ... ಟಪ್, ಟಪ್, ಟಪ್, ಟಪ್. ಅದೇ ಜಾಗ. ಮತ್ತೆ ಒರೆಸಿದಳು. ಮತ್ತೆ ಬಂದವು. ಐದನೇ ಸಲ ಬಟ್ಟೆ ಎತ್ತಿದಾಗ ಕಿವಿ ಪಕ್ಕದಲ್ಲೇ ಪಿಸುಮಾತು.

"ಆ ನಾಲ್ಕು ನಂಗೆ ಬಿಡಕ್ಕ."

ಅಕ್ಕ ಬಟ್ಟೆ ಎತ್ತಿದ ಕೈ ಇಳಿಸಿದಳು. "ಯಾಕಮ್ಮ?" ಅಂದಳು.

"ಬಾಗಿಲು... ತಾನಾಗಿ ಹಾಕ್ಕೊಳ್ಳಲಿಲ್ಲ."

ಅಷ್ಟೇ. ಆಮೇಲೆ ನಲ್ಲಿ ತೊಟ್ಟಿಕ್ಕೋ ಸದ್ದು ಬಿಟ್ಟರೆ ಏನೂ ಇಲ್ಲ. ಅಕ್ಕ ಬಟ್ಟೆ ಮಡಚಿ ಪಕ್ಕಕ್ಕಿಟ್ಟಳು. ಆ ಗುರುತುಗಳ ಮೇಲೇ ಹೊಸ ತಂತಿ ಎಳೆದು ಬಿಗಿದಳು.

ಶನಿವಾರ ಅವನಿಗೆ ಕೊಡುವಾಗ ಒಂದು ಮಾತು ಹೇಳಿದಳು. "ಮೇಷ್ಟ್ರೇ, ಬೇರೆ ಗಿಟಾರ್ ನುಡಿಸಿ. ಇದರಲ್ಲಿ ನಾಲ್ಕು ಕಲೆ ಹೋಗಲಿಲ್ಲ."

"ಏನು ಕಲೆ?"

"ನಿಮ್ಮ ಮನೆಯವರ ಬೆರಳಿಂದು."

ಅವನ ಮುಖ ಬಿಗೀತು. "ಒರೆಸೋದು ನಿನ್ನ ಕೆಲಸ. ಕತೆ ಹೇಳೋದಲ್ಲ" ಅಂತ ಕಿತ್ಕೊಂಡು ಹೋದ.

ಅಕ್ಕನಿಗೆ ಮನಸ್ಸು ತಡೀಲಿಲ್ಲ. ಸಂಜೆ ಸಭಾಂಗಣಕ್ಕೆ ಹೋಗಿ ಮುಂದಿನ ಸಾಲಲ್ಲೇ ಕೂತಳು. ಅವನು ಮೈಕಿನ ಮುಂದೆ ಕೂತು, "ಇದು ನಾನೇ ಕಟ್ಟಿದ ಹಾಡು" ಅಂದ. ಎಡಗೈಯ ನಾಲ್ಕೂ ಬೆರಳು ತಂತಿ ಮೇಲೆ ಊರಿದ. ಬಲಗೈ ಒಂದ್ಸಲ ಮೀಟಿತು... ಝುಮ್ಮ್. ಸ್ವರ ಕರಗಿತು. ಅವನು ಕೈ ಕದಲಿಸಲಿಲ್ಲ.

ಕದಲಿಸೋಕೆ ಆಗ್ತಿಲ್ಲ.

ಎಳೆದ. ಬಲಗೈ ಹಾಕಿ ಎಳೆದ. ತಂತಿ ಚರ್ಮಕ್ಕೆ ಇಳೀತಿದೆ. ಜನ ಮೊದಲು ತಮಾಷೆ ಅಂದ್ಕೊಂಡ್ರು. ಅಕ್ಕ ಕಟ್ಟಿಂಗ್ ಪ್ಲೇಯರ್ ಹಿಡ್ಕೊಂಡು ವೇದಿಕೆ ಹತ್ತಿದಳು. ಅದು ಅವಳ ಚೀಲದಲ್ಲಿ ಯಾವಾಗಲೂ ಇರುತ್ತೆ. ಒಂದೊಂದೇ ತಂತಿ ಕತ್ತರಿಸಿದಳು. ಟಣ್... ಟಣ್... ಆರೂ ಹೋದವು. ಬರೀ ಮರ. ಆದರೂ ಬೆರಳು ಬಿಡಲಿಲ್ಲ! ಅವನ ಉಗುರುಗಳು ಬಿಳಿಚಿಕೊಂಡಿದ್ದವು... ಮೇಲಿಂದ ಯಾರೋ ಒತ್ತಿ ಹಿಡಿದ ಹಾಗೆ.

ಆಗ ಅವನು ಬಾಯಿ ತೆರೆದ. ಮೈಕ್ ಮುಂದೇನೇ ಇದೆ. ಇಡೀ ಸಭೆ ಕೇಳಿಸ್ಕೊಳ್ತು. ಗಂಟಲು ಅವನದೇ, ಮಾತು ಮಾತ್ರ ಅವನದಲ್ಲ.

"ಬಾಗಿಲು ತೆಗೀರಿ... ಬೆರಳು ಸಿಕ್ಕಿದೆ ರೀ... ನಾನು ಹಾಡೋಕೆ ಹೋಗಲ್ಲ, ತೆಗೀರಿ..."

ಅಕ್ಕ ಪಿಸುಗುಟ್ಟಿದಳು. "ಬಿಡಮ್ಮ. ಸಾಕು."

"ಇಲ್ಲಕ್ಕ. ಅವತ್ತು ಇವರೂ ಬಿಡಲಿಲ್ಲ" ಅಂತು ಅದೇ ಗಂಟಲು.

ಲಟಕ್.

ಲಟಕ್.

ಲಟಕ್... ಸ್ವಲ್ಪ ಹೊತ್ತು ತಡೆದು, ಕಿರುಬೆರಳು. ಲಟಕ್.

ಕೈ ಬಿಟ್ಕೊಳ್ತು. ಅವನು ಕುರ್ಚಿಯಿಂದ ಕುಸಿದ. ಆ ಮಾತು ಕೇಳಿದ ಮೇಲೆ ಅಷ್ಟು ಜನರಲ್ಲಿ ಒಬ್ಬರೂ ಅವನನ್ನ ಹಿಡ್ಕೊಳ್ಳೋಕೆ ಏಳಲಿಲ್ಲ. ಆಸ್ಪತ್ರೆಗೆ ಕರ್ಕೊಂಡು ಬಂದಿದ್ದು ಅಕ್ಕನೇ, ಆಟೋದಲ್ಲಿ.

ಅದು ನಾನು ಕೆಲಸ ಮಾಡೋ ಆಸ್ಪತ್ರೆ. ಎಕ್ಸ್‌ರೇ ತೆಗೆದಿದ್ದು ನಾನೇ. ಬಾತುಕೊಂಡ ಆ ಕೈನ ಮೆಷಿನ್ನಿನ ಹಲಗೆ ಮೇಲೆ ಸರಿಯಾಗಿ ಇಡಿಸಿದ್ದೂ ಇದೇ ನನ್ನ ಕೈ. ಡಾಕ್ಟರು ಫಿಲ್ಮನ್ನ ಬೆಳಕಿಗೆ ಹಿಡಿದು ನೋಡಿದ್ರು, ನನ್ನ ಕಡೆ ತಿರುಗಿದ್ರು. "ಬೇರೆಯವರದ್ದು ತಂದ್ಯೇನಪ್ಪ? ಇನ್ನೊಂದು ತೆಗಿ" ಅಂದ್ರು. ತೆಗೆದೆ. ಎರಡೂ ಒಂದೇ.

ನಾಲ್ಕೂ ಬೆರಳು ಮುರಿದಿದ್ದು ನಿಜ. ಆದರೆ ಮುರಿದ ಜಾಗದಲ್ಲಿ ಮೂಳೆ ಆಗಲೇ ಕೂಡಿತ್ತು, ಸೊಟ್ಟಗೆ, ಗಂಟು ಕಟ್ಟಿ. "ಇದು ಏನಿಲ್ಲ ಅಂದ್ರೂ ಐದಾರು ವರ್ಷದ ಹಳೇ ಮುರಿತ. ಈ ಕೈಯಲ್ಲಿ ಒಂದು ಲೋಟ ಹಿಡಿಯೋಕೂ ಆಗ್ತಿರಲಿಲ್ಲ" ಅಂದ್ರು ಡಾಕ್ಟರು.

ನಂಬೋದು ಬಿಡೋದು ನಿನಗೆ ಬಿಟ್ಟಿದ್ದು. ಆ ಎರಡು ಫಿಲ್ಮನ್ನೂ ನಾನೇ ಲಕೋಟೆಗೆ ಹಾಕಿ, ಮೇಲೆ ಅವತ್ತಿನ ತಾರೀಕು ಬರೆದಿದೀನಿ.