ಎಡಗಡೆಯ ಗಾಜು

ಗಡಹಿಂಗ್ಲಜ ಬಸ್ ನಿಲ್ದಾಣದಲ್ಲಿ ಕೊಲ್ಹಾಪುರದ ಬಸ್ಸಿಗೆ ಕಾಯುತ್ತಿದ್ದೆ. ಸಾಲಿನಲ್ಲಿ ನನ್ನ ಮುಂದೆ ನೇಸರಿಯ ಗಂಡ ಹೆಂಡತಿ ನಿಂತಿದ್ದರು. ಗಂಡನ ಕೈಯಲ್ಲಿ ಟ್ರಕ್ಕಿನ ಮುಂದಿನ ಗಾಜಿನ ಒಂದು ಅರ್ಧ, ಕಬ್ಬಿಣದ ಚೌಕಟ್ಟಿನ ಸಮೇತ.

“ಹಳೇ ಮಿಲಿಟರಿ ಗಾಡಿ ತಂದು ಎರಡು ವರ್ಷಾತು. ನಾ ಕೂಡೂ ಎಡಗಡೆ ಇನ್ನೂ ಗಾಜಿಲ್ಲ,” ಎಂದಳು ಹೆಂಡತಿ.

“ಕೊಲ್ಹಾಪುರದ ಹತ್ರ ಶಿರೋಳಿ ಗುಜರಿಯಾಗ ಈ ಸಲ ಇದೊಂದ ಸಿಕ್ತು. ಮನೀಗೆ ತಂದು ನೋಡಿದ್ರ ಅದೂ ಬಲಗಡೀದು. ವಾಪಸ್ ಕೊಟ್ಟು ಬರೋಣು.”

“ಕಣ್ಣಿನ ಆಪರೇಶನ್ ಆದಮ್ಯಾಲ ಗಾಳಿ ಬಡಸ್ಕೋಬ್ಯಾಡ ಅಂದಾರ ಡಾಕ್ಟರು. ತಿಂಗಳಾತು, ನಾ ಗಾಡಿ ಹತ್ತಿಲ್ಲ.”

“ನೀ ಮಗ್ಗಲದಾಗ ಇಲ್ಲಂದ್ರ ನನಗೂ ಗಾಡಿ ಹೊಡ್ಯಾಕ ಬ್ಯಾಸರ.”

“ಬಲಗಡೀದು ಅಂತ ಹೆಂಗ ಗೊತ್ತಾತ್ರಿ?” ಹೆಂಡತಿ ಕೇಳಿದಳು.

“ಕೊಂಡಿ ಈ ಮಗ್ಗಲಕೈತಿ. ನಮಗ ಆ ಮಗ್ಗಲ ಬೇಕು.”

ಆಕೆ ಚೌಕಟ್ಟನ್ನು ಇಸಿದುಕೊಂಡು ಒಳಮೈ ಹೊರಗೆ ಮಾಡಿ ಹಿಡಿದಳು.

“ಈಗ?”

ಗಂಡ ಕೊಂಡಿ ಮುಟ್ಟಿ ನೋಡಿದ.

“ಹೌದಲ್ಲ. ಗಾಜು ತೂಗಹಾಕೂ ಬಿಜಾಗ್ರಿನೂ ಮ್ಯಾಲ ಉಳೀತು.”

“ಕಂಬಳಿ ತಿರುವಿ ಹೊಚ್ಕೊಂಡ್ರ ಬ್ಯಾರೇದು ಆಗ್ತೈತೇನ್ರಿ?”

“ಈ ಎರಡು ವರ್ಷದಾಗ ಇಂಥಾವು ಮೂರು, ಬಲಗಡೀವು ಅಂತ ಒಲ್ಲೆ ಅಂದು ಬಂದೇನಿ. ಗಾಡಿ ರಿಪೇರಿ ಮಿಸ್ತ್ರಿ ಮುಂದ ಹೇಳಬ್ಯಾಡ.”

“ಹೇಳೂದಿಲ್ಲ. ನಾಳೆ ಸಂತಿಗೆ ನಾನೂ ಗಾಡ್ಯಾಗ ಬರಾಕಿ.”

ಕೊಲ್ಹಾಪುರದ ಬಸ್ಸು ಬಂತು. ಅವರಿಬ್ಬರೂ ಚೌಕಟ್ಟಿನ ಒಂದೊಂದು ತುದಿ ಹಿಡಿದು, ಸಾಲು ಬಿಟ್ಟು, ನೇಸರಿಯ ಬಸ್ಸಿನ ಕಡೆ ನಡೆದರು.