ಗುರುವಾರ ನಾಲ್ಕು ಗಂಟೆಯ ಅಕ್ಕ

ಹಿಡಿದ ಮಳೆ ಬಿಡದ ಸಂಜೆ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಆ ಪುಟ್ಟ ರೇಡಿಯೊ ಕೇಂದ್ರ. ಸಂಬಳವಿಲ್ಲದೆ ದುಡಿಯುವ ಹನ್ನೊಂದು ಜನ. ಹಳೆಯ ಹಾಡು ಬಿಟ್ಟು ಬೇರೇನೂ ಹಾಕುವುದಿಲ್ಲ ಎಂಬ ಹಟ. ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತಿದ್ದರಿಂದ ಆ ಮಂಗಳವಾರ ಮೂವರು ಕೆಳಗಿಳಿಯಲಾರದೆ ಉಳಿದಿದ್ದರು. ನಿವೃತ್ತ ಬಸ್ ಕಂಡಕ್ಟರ್, ಲೆಕ್ಕದ ಟೀಚರ್, ಮತ್ತು ಯಂತ್ರದ ಮುಂದೆ ಕೂರುವ ಕಾಂಪೌಂಡರ್ ಅಜ್ಜ. ನಾಲ್ಕನೆಯವಳು ಹೊಸಬಳು, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವವಳು. ಅವಳ ಚೀಲದಲ್ಲಿ ಒಂದು ಕಾರ್ಡಿತ್ತು.

ಕಾರ್ಡು ಅವಳ ಅಮ್ಮ ಬರೆದದ್ದು. ಅಮ್ಮ ಸತ್ತು ಮೂರು ವಾರವಾಗಿತ್ತು. ಅವಳಿಗೆ ಇನ್ನೂ ಅಳು ಬಂದಿರಲಿಲ್ಲ. ಜ್ವರವೆಂದು ಎರಡು ದಿನ ರಜೆ ಹಾಕಿದ್ದಳೇ ಹೊರತು ಕ್ಲಿನಿಕ್ಕಿನಲ್ಲಿ ಯಾರಿಗೂ ಹೇಳಿರಲಿಲ್ಲ. ಬೆಳಿಗ್ಗೆ ಇಬ್ಬರಿಗೆ ಟೀ ಮಾಡುತ್ತಿದ್ದಳು, ಆಮೇಲೆ ಒಂದು ಲೋಟ ಚೆಲ್ಲುತ್ತಿದ್ದಳು. ಗುರುವಾರ ನಾಲ್ಕು ಗಂಟೆಗೆ ಈ ರೇಡಿಯೊದಲ್ಲಿ ಹಾಡು ಹಾಕುವ ಅಕ್ಕನ ಬಾಯಲ್ಲಿ ತನ್ನ ಹಾಡಿನ ಕೋರಿಕೆ ಒಮ್ಮೆ ಬರಬೇಕೆಂಬುದೊಂದೇ ಅಮ್ಮನ ಆಸೆಯಾಗಿತ್ತು. ಅದನ್ನಾದರೂ ಮಾಡಿಸಬೇಕೆಂದು ಬಂದಿದ್ದಳು.

“ಅಕ್ಕ ಎಷ್ಟು ಹೊತ್ತಿಗೆ ಬರ್ತಾರೆ ಅಜ್ಜಾ? ಅಮ್ಮ ಇದನ್ನ ಅವರ ಕೈಗೇ ಕೊಡು ಅಂತ ಕಳಿಸಿದ್ದಾರೆ” ಎಂದಳು.

ಟೀಚರ್ ಕಂಡಕ್ಟರನ ಮುಖ ನೋಡಿದರು. ಕಂಡಕ್ಟರ್ ಸೂರು ನೋಡಿದ. ಅಜ್ಜ ಕಿವಿಯ ಮೇಲಿದ್ದ ಹೆಡ್‌ಫೋನನ್ನು ತೆಗೆದು ಮೊಳೆಗೆ ನೇತುಹಾಕಿ, ಕುರ್ಚಿಯನ್ನು ಅವಳತ್ತ ತಿರುಗಿಸಿದ.

“ಕೂತ್ಕೋ ಮಗಳೇ. ಮಳೆ ನಿಲ್ಲೋ ಹಾಗೆ ಕಾಣ್ತಿಲ್ಲ. ನೀವಿಬ್ರೂ ಕೂತ್ಕೊಳ್ಳಿ, ನಿಮಗೆ ಅರ್ಧ ಗೊತ್ತು, ಉಳಿದರ್ಧ ಇವತ್ತು ಕೇಳಿ...

“ಅಕ್ಕ ಅಂದ್ರೆ ನನ್ನ ಒಡಹುಟ್ಟಿದವಳು, ನನಗಿಂತ ಆರು ವರ್ಷ ದೊಡ್ಡವಳು. ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಮೂವತ್ತು ವರ್ಷ ಇವರ ಲೈನು ಅವರಿಗೆ, ಅವರ ಲೈನು ಇವರಿಗೆ ಕೊಟ್ಟು ಕೊಟ್ಟು ಗಂಟಲನ್ನ ಪಳಗಿಸಿಕೊಂಡವಳು. ರೇಡಿಯೊ ಅಂದ್ರೆ ಗಾಳಿಗೆ ಗುದ್ದಿ ಮೈ ನೋಯಿಸ್ಕೊಳ್ಳೋ ಕೆಲಸ ಕಣೋ ಅಂತ ನನ್ನ ಬೈದವಳೇ ಆಮೇಲೆ ಒಂದು ಗುರುವಾರಾನೂ ತಪ್ಪಿಸಲಿಲ್ಲ. ನಮ್ಮಲ್ಲಿ ಒಂದು ಪದ್ಧತಿ ಇದೆ. ಯಾರಾದ್ರೂ ರಜ ಹೋಗೋದಿದ್ರೆ ತಮ್ಮ ಗಂಟೇನ ಮುಂಚೇನೇ ಕ್ಯಾಸೆಟ್ಟಲ್ಲಿ ಮಾತಾಡಿಟ್ಟು ಹೋಗಬೇಕು. ಹಾಗೆ ಮಾತಾಡುವಾಗ ಗಂಟೆ ಎಷ್ಟು ಅನ್ನಬಾರದು, ಮಳೆ ಬಿಸಿಲು ಅನ್ನಬಾರದು. ಕಣ್ಣಿನ ಆಪರೇಷನ್ ಇದೆ ಅಂತ ಅಕ್ಕ ಆರು ಕ್ಯಾಸೆಟ್ ಮಾಡಿಟ್ಟಳು... ಆಪರೇಷನ್‌ಗೆ ಹೋಗೋ ಮುಂಚೇನೇ, ಒಂದು ಬುಧವಾರ, ಮಲಗಿದವಳು ಏಳಲಿಲ್ಲ.

“ಇನ್ನೊಂದು ಪದ್ಧತಿ ಇದೆ. ನಮ್ಮವರು ಯಾರಾದ್ರೂ ತೀರ್ಕೊಂಡ್ರೆ, ಅವರ ಗಂಟೇಲಿ ಹೆಸರು ಹೇಳಿ, ಒಂದು ನಿಮಿಷ ಏನೂ ಹಾಕದೆ ಸುಮ್ಮನೆ ಬಿಡೋದು. ಆಮೇಲೆ ಆ ಗಂಟೆ ಇನ್ನೊಬ್ಬರಿಗೆ. ನಾನು ಅಕ್ಕನನ್ನ ಕಳಿಸಿ ಬಂದು ಇದೇ ಕುರ್ಚಿ ಮೇಲೆ ಕೂತೆ. ಮೈಕು ಹತ್ತಿರ ಎಳ್ಕೊಂಡೆ. ನಾಲಿಗೆ ಹೊರಳಲಿಲ್ಲ ನೋಡಿ! ಹೇಳಿದ್ರೆ ಮುಗಿದೇ ಹೋಯ್ತಲ್ಲ... ಮೊದಲನೇ ಕ್ಯಾಸೆಟ್ ಹಾಕಿಬಿಟ್ಟೆ. ದುಃಖ ಇತ್ತಾ? ಇಲ್ಲ. ಹಲ್ಲು ಕೀಳೋಕೆ ಮುಂಚೆ ಸೂಜಿ ಚುಚ್ತಾರಲ್ಲ ಮಗಳೇ, ಹಾಗಿತ್ತು. ಕೆನ್ನೆ ನನ್ನದೇ, ಆದ್ರೆ ಮುಟ್ಟಿದ್ರೆ ಗೊತ್ತಾಗ್ತಿರಲಿಲ್ಲ.

“ಆರು ವಾರ ಹಾಗೇ ಕಳೀತು. ಏಳನೇ ವಾರ ಹೇಳಲೇಬೇಕಿತ್ತು. ಹೇಳಲಿಲ್ಲ. ಮೊದಲನೇ ಕ್ಯಾಸೆಟ್ಟನ್ನೇ ಮತ್ತೆ ತುರುಕಿದೆ. ಎರಡು ಹಾಡು ಆಯ್ತು. ಆಮೇಲೆ ಅಕ್ಕ... ‘ಈಗ ನಾಲ್ಕೂ ಕಾಲು, ಹೊರಗೆ ಮಳೆ ಹನೀತಿದೆ’ ಅಂದಳು. ಗಡಿಯಾರ ನೋಡಿದೆ, ನಾಲ್ಕೂ ಕಾಲು. ಕಿಟಕಿ ನೋಡಿದೆ, ಹನಿ! ಎಂದೂ ನಿಯಮ ಮುರಿದವಳಲ್ಲ ನಮ್ಮಕ್ಕ. ಆಮೇಲೆ ಕೋರಿಕೆ ಓದೋಕೆ ಶುರು ಮಾಡಿದಳು. ನಾನು ಯಾವತ್ತೂ ಕಾಣದ ಕೋರಿಕೆಗಳು. ಗಡಿಯಾರ ರಿಪೇರಿಯವರು ಹೆಂಡತಿಗಾಗಿ ಕೇಳಿದ ಹಾಡಂತೆ, ಕಪಾಟಿನ ಬೀಗದಕೈ ಹಳೇ ಕೋಟಿನ ಒಳಜೇಬಲ್ಲಿದೆ ಅಂತ ತಿಳಿಸಬೇಕಂತೆ... ಗಡಿಯಾರದವರು ಸತ್ತು ನಾಲ್ಕು ದಿನ ಆಗಿತ್ತು, ಗೊತ್ತಾ? ಮನೆಗೆ ಹೋಗಿ ಅದೇ ಕ್ಯಾಸೆಟ್ ಕೇಳಿದೆ. ಮಳೆಯೂ ಇಲ್ಲ, ಬೀಗದಕೈಯೂ ಇಲ್ಲ.”

“ಆ ಬೀಗದಕೈ ಸಿಕ್ಕಿದ್ದು ನಿಜ” ಎಂದ ಕಂಡಕ್ಟರ್, ಯಾರೂ ಕೇಳದಿದ್ದರೂ. “ಆಯಮ್ಮ ನಮ್ಮ ಎದುರು ಮನೆಯವರೇ.”

“ಅವತ್ತಿಂದ ಪ್ರತಿ ಗುರುವಾರ ಹೀಗೇ” ಎಂದು ಅಜ್ಜ ಮುಂದುವರಿಸಿದ. “ಆ ವಾರ ಹೋದವರ ಕೋರಿಕೆ ಆ ವಾರವೇ ಬರತ್ತೆ. ಅವರ ಮನೇಲಿ ಉಳಿದವರು ಯಾರಿಗೂ ಗುಟ್ಟು ಬಿಡಲ್ಲ, ನನ್ನ ಹತ್ತಿರ ಬಂದು ‘ಮುಂದಿನ ವಾರಾನೂ ಅಕ್ಕ ಇರ್ತಾರಲ್ವಾ?’ ಅಂತಾರೆ, ಅಷ್ಟೇ.”

ಚೀಟಿ ಬರೆಯುವವಳು ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಹೆದರಬೇಕಾದ ಕತೆಯೆಂದು ಅವಳಿಗೆ ತಿಳಿಯುತ್ತಿತ್ತು. ಹೆದರಿಕೆ ಬರಲಿಲ್ಲ. ಮೂರು ಗುರುವಾರ ಕಳೆದವಲ್ಲ ಎಂದು ಲೆಕ್ಕ ಹಾಕಿ ಕೇಳಿದಳು: “ಎಲ್ಲರದೂ ಬರತ್ತಾ ಅಜ್ಜಾ?”

ಅಜ್ಜ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡ.

“ಇಲ್ಲ. ಅದನ್ನೂ ಅಕ್ಕನೇ ಒಂದು ಸಲ ಹೇಳಿದಳು, ಹಾಡಿನ ನಡುವೆ. ‘ಸತ್ತರು ಅಂತ ಮನೆಯವರು ಬಾಯಿಬಿಟ್ಟು ಹೇಳದವರದ್ದು ನನ್ನ ಹತ್ತಿರ ಬರಲ್ಲ. ಅವರಿಗೆ ಹೊರಡೋಕೇ ಆಗಿರಲ್ಲ. ಮನೆಯಲ್ಲೇ ಕೂತು ಕೇಳ್ತಿರ್ತಾರೆ’ ಅಂತ. ಆಮೇಲೆ... ‘ನಾನಿಲ್ಲಿ ಕೂತಿರೋ ಹಾಗೆ ತಮ್ಮಾ. ಸಾಕಾಗಿದೆ ಕಣೋ’ ಅಂದಳು.”

ಟೀಚರ್ ಬಾಯಿಗೆ ಸೆರಗು ಒತ್ತಿಕೊಂಡರು. ಈ ಭಾಗ ಅವರಿಗೂ ಗೊತ್ತಿರಲಿಲ್ಲ.

“ನಿಮ್ಮಮ್ಮ ಹೇಗಿದ್ದಾರೆ ಅಂತ ನಾನು ಕೇಳಲ್ಲ ಮಗಳೇ” ಎಂದ ಅಜ್ಜ. “ಕಾರ್ಡು ಹಿಡಿದಿರೋ ರೀತೀಲೇ ಗೊತ್ತಾಗತ್ತೆ, ನಾನೂ ಕ್ಯಾಸೆಟ್ಟನ್ನ ಹಾಗೇ ಹಿಡಿದಿದ್ದೆ. ಒಂದು ಮಾತು ಹೇಳು. ಗುರುವಾರ ನೀನು ಕ್ಲಿನಿಕ್ಕಲ್ಲಿರುವಾಗ ಮನೇಲಿ ರೇಡಿಯೊ?”

“ಬೆಳಿಗ್ಗೆ ಹಾಕಿ ಬಾಗಿಲಿಗೆ ಬೀಗ ಹಾಕ್ಕೊಂಡು ಬರ್ತೀನಿ. ಅಭ್ಯಾಸ.”

“ಸಂಜೆ ಹೋದಾಗ ಹಾಡ್ತಿರತ್ತಾ?”

ಅವಳು ಹೌದೆನ್ನಲು ಬಾಯಿ ತೆರೆದಳು. ಆಮೇಲೆ ಕತ್ತಲ ಅಡುಗೆಮನೆ, ಬೀಗ ತೆಗೆದೊಡನೆ ಎದುರಾಗುವ ನಿಶ್ಶಬ್ದ, ಎಡಕ್ಕೆ ಪೂರ್ತಿ ತಿರುಗಿದ ರೇಡಿಯೊದ ಗುಂಡಿ ನೆನಪಾದವು. ಶೆಲ್ಲು ಮುಗಿದಿರಬೇಕೆಂದುಕೊಂಡಿದ್ದಳು. ಆದರೆ ಮರುದಿನ ಗುಂಡಿ ತಿರುಗಿಸಿದರೆ ಚೆನ್ನಾಗಿಯೇ ಹಾಡುತ್ತಿತ್ತು.

“ಆರಿರತ್ತೆ” ಎಂದಳು. “ಅಕ್ಕನ ಕಾರ್ಯಕ್ರಮ ಮುಗಿದ ತಕ್ಷಣ ಆರಿಸಿಬಿಡ್ತಾರೆ ಅಮ್ಮ. ಶೆಲ್ಲು ಹಾಳಾಗತ್ತೆ ಅಂತ.”

“ಮೂರು ಗುರುವಾರಾನೂ?”

“ಮೂರೂ.”

ಅವಳು ಕಾರ್ಡನ್ನು ಅಜ್ಜನತ್ತ ಚಾಚಿದಳು. ಅಜ್ಜ ಕಾರ್ಡನ್ನು ತೆಗೆದುಕೊಳ್ಳದೆ, ಅವಳ ಬೆರಳುಗಳನ್ನು ಅದರ ಮೇಲೆಯೇ ಮಡಿಸಿದ.

“ನೀರು ಇಳಿದ ಮೇಲೆ ನೇರ ಮನೆಗೆ ಹೋಗು. ಅಮ್ಮಾ, ನೀನು ಸತ್ತಿದ್ದೀಯ ಅಂತ ಹೇಳಿಬಿಡು, ಅವರ ಕಿವಿಗೆ ಬೀಳೋ ಹಾಗೆ. ನಾಡಿದ್ದು ಗುರುವಾರ, ಅಷ್ಟರೊಳಗೆ ಹೇಳು. ಕಾಯಿಸಬೇಡ ಮಗಳೇ... ನನ್ನ ಕೈಲಂತೂ ಒಂಬತ್ತು ವರ್ಷದಿಂದ ಆಗಿಲ್ಲ.”